ಪ್ರೌಢಶಾಲೆಯ ಮಕ್ಕಳೂ ಒಂದು ದಿನದ ರಂಗಕಮ್ಮಟವೂ

ಕಾಲೇಜುಗಳ ನಾಟಕಸಂಘಗಳು ಸುತ್ತಣ ಪ್ರೌಢಶಾಲೆಗಳ ವಿದ್ಯಾರ್ಥಿಗಳನ್ನು ಬರಮಾಡಿಕೊಂಡು, ಒಂದು ದಿನದ ಮಟ್ಟಿಗೆ ಅವರಿಗೆ ನಾಟ್ಯಕಲೆಯ ಪರಿಚಯವನ್ನು ಮಾಡಿಕೊಡುವ ಪದ್ಧತಿ ಕನ್ನಡನಾಡಿನಲ್ಲಿಯೂ ಹೊರನಾಡುಗಳಲ್ಲಿಯೂ ರೂಢಿಗೆ ಬಂದಿದೆ. ಇಂತಹ ದಿನದ ಕ್ರಮ ಬಹುಮಟ್ಟಿಗೆ ಒಂದೇ ಬಗೆಯದು. ಬೆಳಿಗ್ಗೆ ಉದ್ಘಾಟನೆಯ ಭಾಷಣಗಳು. ಆಮೇಲೆ ಮೈಯ ಬಿಗುವನ್ನು ಸಡಿಲಿಸುವ ಆಟಗಳು, ಉಸಿರಿನ ಮತ್ತು ಸ್ವರದ ಅಭ್ಯಾಸ. ಊಟದ ಹೊತ್ತಿನವರೆಗೆ ಗುಂಪುಗಳ ವಿಂಗಡಣೆ. ಮಧ್ಯಾಹ್ನ ಒಂದೊಂದು ಗುಂಪಿನಿಂದ ಒಂದೊಂದು ಕಿರುದೃಶ್ಯದ ತಯಾರಿ. ಸಂಜೆ ಪ್ರದರ್ಶನ, ಪ್ರಮಾಣಪತ್ರ, ವಂದನಾರ್ಪಣೆ. ಈ ಏರ್ಪಾಡಿಗೆ ಕನ್ನಡದಲ್ಲಿ ‘ರಂಗಕಮ್ಮಟ’ವೆಂಬ ಹೆಸರು ನೆಲೆಗೊಂಡಿದೆ. ಹೆಸರು ಸೊಗಸಾಗಿದೆ, ಆದರೆ ಅದರೊಳಗೆ ಒಂದು ಎಚ್ಚರಿಕೆಯೂ ಅಡಗಿದೆ. ಕಮ್ಮಟವೆಂದರೆ ಹಿಂದಿನವರ ಮಾತಿನಲ್ಲಿ ಟಂಕಸಾಲೆ. ಲೋಹವನ್ನು ಕರಗಿಸಿ, ಎಲ್ಲ ಬಿಲ್ಲೆಗಳ ಮೇಲೂ ಒಂದೇ ಮುದ್ರೆಯನ್ನು ಒತ್ತುವ ಸ್ಥಾನ. ಹದಿನಾಲ್ಕು ಹದಿನೈದು ವರ್ಷದ ಹುಡುಗ ಹುಡುಗಿಯರನ್ನು ಅಲ್ಲಿಗೆ ಕರೆದೊಯ್ದು ಮಾಡುವ ಕೆಲಸ ಇಂಥದೇ ಆಗಬೇಕೆ, ಅಥವಾ ಬೇರೆ ಏನಾದರೂ ಆಗಬಹುದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ವಿಚಾರದಲ್ಲಿ ಶಿಕ್ಷಣಶಾಸ್ತ್ರದ ಗ್ರಂಥಗಳಿಗಿಂತ ಮೊದಲು ಕವಿಗಳ ಕಡೆಗೆ ತಿರುಗುವುದು ಉಚಿತ. ನಾಟಕವನ್ನು ಕಲಿಸುವುದು ಹೇಗೆ, ಕಲಿತವರನ್ನು ನೋಡುವುದು ಹೇಗೆ ಎಂಬುದನ್ನು ನಾಟಕದೊಳಗೇ ಇಟ್ಟು ತೋರಿಸಿದ ಮಹಾಕವಿಗಳು ಇಬ್ಬರಾದರೂ ಇದ್ದಾರೆ. ಒಬ್ಬನು ಕಾಳಿದಾಸ, ಇನ್ನೊಬ್ಬನು ಶೇಕ್ಸ್‌ಪಿಯರ್.

‘ಮಾಲವಿಕಾಗ್ನಿಮಿತ್ರ’ದ ಮೊದಲೆರಡು ಅಂಕಗಳಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮೊಳಗೆ ಯಾರು ಮೇಲೆಂದು ವಾದಿಸುತ್ತ ಅಗ್ನಿಮಿತ್ರನ ಬಳಿಗೆ ಬರುತ್ತಾರೆ. ಮಧ್ಯಸ್ಥಳಾದ ಪರಿವ್ರಾಜಿಕೆ ಕೌಶಿಕಿಯ ತೀರ್ಮಾನ ಇಂದಿಗೂ ಮನನೀಯವಾದುದು. ಕೆಲವರಲ್ಲಿ ವಿದ್ಯೆಯು ತಮ್ಮಲ್ಲಿಯೇ ಚೆನ್ನಾಗಿ ನಿಂತಿರುತ್ತದೆ. ಕೆಲವರಲ್ಲಿ ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿ ವಿಶೇಷವಾಗಿರುತ್ತದೆ. ಎರಡೂ ಕೂಡಿದವನೇ ಗುರುಗಳಲ್ಲಿ ಮೊದಲಿಗನು ಎಂಬುದು ಆಕೆಯ ಅಭಿಪ್ರಾಯದ ಸಾರ. ಆದಕಾರಣ ಆಚಾರ್ಯರನ್ನು ಪರೀಕ್ಷಿಸಬೇಕಾದರೆ ಶಿಷ್ಯರ ಪ್ರಯೋಗವನ್ನು ನೋಡಬೇಕೆಂದು ಗೊತ್ತಾಗುತ್ತದೆ.

ರಂಗಕಮ್ಮಟಗಳಲ್ಲಿ ಕಲಿಸುವವರು ಅನೇಕ ವೇಳೆ ಕಾಲೇಜಿನ ವಿದ್ಯಾರ್ಥಿಗಳೇ. ವಯಸ್ಸಿನಲ್ಲಿ ಮಕ್ಕಳಿಗಿಂತ ಐದಾರು ವರ್ಷ ಹಿರಿಯರು. ಹಿಂದಿನ ವರ್ಷದ ಸ್ಪರ್ಧೆಯಲ್ಲಿ ಬಹುಮಾನವನ್ನು ಪಡೆದವರೂ ಆಗಿರಬಹುದು. ಅವರಲ್ಲಿ ಅಭಿನಯವಿದೆ, ಅದನ್ನು ದಾಟಿಸುವ ಬಗೆ ಅವರಿಗೆ ತಿಳಿದಿದೆಯೆ ಎಂದು ಕೇಳುವವರು ಕಡಮೆ. ಅಭಿನಯವೊಂದೇ ಬಲ್ಲವನು ಮಕ್ಕಳೆದುರು ನಿಂತಾಗ ಸಾಮಾನ್ಯವಾಗಿ ಮಾಡುವುದು ಒಂದೇ: ತಾನು ಮಾಡಿ ತೋರಿಸುತ್ತಾನೆ, ಹಾಗೆಯೇ ಮಾಡಿರೆನ್ನುತ್ತಾನೆ. ಸಂಜೆಯ ಹೊತ್ತಿಗೆ ಹತ್ತು ಮಕ್ಕಳಲ್ಲಿ ಅವನದೇ ಹತ್ತು ನೆರಳುಗಳು ರಂಗದ ಮೇಲೆ ಓಡಾಡುತ್ತವೆ. ಟಂಕಸಾಲೆಯ ಮುದ್ರೆ ಎಂದರೆ ಇದೇ.

ಕಾಳಿದಾಸನ ದೃಶ್ಯದಲ್ಲಿ ಇನ್ನೂ ಒಂದು ಮರ್ಮವಿದೆ. ಆಚಾರ್ಯರ ಸ್ಪರ್ಧೆಯೆಂಬುದು ಮೇಲ್ನೋಟದ ಮಾತು. ಅರಸನು ಮಾಲವಿಕೆಯನ್ನು ಕಣ್ಣಾರೆ ನೋಡಲೆಂದು ವಿದೂಷಕನು ಹೂಡಿದ ತಂತ್ರವದು. ಮಾಲವಿಕೆ ನರ್ತಿಸಿದ ಮೇಲೆ ಹರದತ್ತನು ತನ್ನ ಪ್ರಯೋಗವನ್ನೂ ನೋಡಬೇಕೆಂದು ಕೇಳಿಕೊಳ್ಳುತ್ತಾನೆ. ಅಷ್ಟರಲ್ಲಿ ಮಧ್ಯಾಹ್ನವಾಯಿತೆಂದು ವೈತಾಳಿಕನು ಸಾರುತ್ತಾನೆ. ಊಟದ ಹೊತ್ತು ಮೀರಬಾರದೆಂದು ವಿದೂಷಕನು ನೆನಪಿಸುತ್ತಾನೆ. ಎರಡನೆಯ ಗುರುವಿನ ಶಿಷ್ಯವರ್ಗವನ್ನು ಯಾರೂ ನೋಡುವುದಿಲ್ಲ. ಈ ಸಣ್ಣ ಸನ್ನಿವೇಶವನ್ನು ಓದಿದವರಿಗೆ ನಗು ಬರುವುದು ಸಹಜ. ಆದರೆ ಉದ್ಘಾಟನೆಯ ಭಾಷಣಗಳು ಬೆಳೆದು, ಅತಿಥಿಗಳು ತಡವಾಗಿ ಬಂದು, ಕಡೆಯ ಎರಡು ಗುಂಪುಗಳ ದೃಶ್ಯಗಳನ್ನು ಹೊತ್ತಾಯಿತೆಂದು ಕೈಬಿಟ್ಟ ಸಂಜೆಗಳನ್ನು ಕಂಡವರಿಗೆ ಆ ನಗು ಅಷ್ಟು ಸುಲಭವಲ್ಲ. ದಿನವೆಲ್ಲ ಬೆವರಿ ಸಿದ್ಧಪಡಿಸಿದುದನ್ನು ತೋರಿಸದೆ ಹಿಂದಿರುಗುವ ಮಗುವಿಗೆ ಪ್ರಮಾಣಪತ್ರವು ಸಮಾಧಾನವಾಗಲಾರದು. ಈ ಪ್ರದರ್ಶನ ಯಾರಿಗಾಗಿ? ಮಕ್ಕಳಿಗಾಗಿಯೆ, ಕಾಲೇಜಿನ ಹೆಸರಿಗಾಗಿಯೆ? ಈ ಪ್ರಶ್ನೆಯನ್ನು ದಿನದ ಏರ್ಪಾಡಿಗೆ ಮೊದಲೇ ಕೇಳಿಕೊಳ್ಳುವುದು ಲೇಸು.

ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಬರುವ ಕಸಬುದಾರರ ನಾಟಕಾಭ್ಯಾಸವು ರಂಗಶಿಕ್ಷಕನಿಗೆ ಇನ್ನೊಂದು ಪಾಠಶಾಲೆ. ಬಡಗಿ, ನೇಕಾರ, ದರ್ಜಿ, ತಿದಿ ರಿಪೇರಿಯವನು, ತಗಡಿನ ಕೆಲಸದವನು ಮುಂತಾದವರು ಅರಸನ ಮದುವೆಗೆಂದು ಒಂದು ನಾಟಕವನ್ನು ಕಟ್ಟಲು ಹೊರಡುತ್ತಾರೆ. ಅವರು ವಯಸ್ಕರಾದರೂ ರಂಗದ ಮಟ್ಟಿಗೆ ಶಾಲೆಯ ಮಕ್ಕಳೇ. ನೇಕಾರ ಬಾಟಮ್‌ನಿಗೆ ಎಲ್ಲ ಪಾತ್ರಗಳೂ ತನಗೇ ಬೇಕು. ನಾಯಕನೂ ತಾನೇ, ನಾಯಿಕೆಯೂ ತಾನೇ, ಸಿಂಹವೂ ತಾನೇ. ಸ್ನಗ್ ಎಂಬವನು ಮಂದಗ್ರಾಹಿ. ಸಿಂಹದ ಮಾತುಗಳು ಬರೆದಿದ್ದರೆ ಮೊದಲೇ ಕೊಟ್ಟುಬಿಡಿ ಎನ್ನುತ್ತಾನೆ. ಬರಿಯ ಗರ್ಜನೆಯಲ್ಲದೆ ಬೇರೇನೂ ಇಲ್ಲವೆಂಬ ಉತ್ತರ ಬರುತ್ತದೆ. ಫ್ಲೂಟ್ ಎಂಬ ತರುಣನು ಅಭ್ಯಾಸದಲ್ಲಿ ತನ್ನ ಮಾತುಗಳನ್ನೆಲ್ಲ, ನಡುವೆ ಬರುವ ಇತರರ ಸೂಚನೆಯ ಮಾತುಗಳನ್ನೂ ಸೇರಿಸಿ, ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾನೆ.

ಈ ಮೂವರೂ ಪ್ರತಿಯೊಂದು ತರಗತಿಯಲ್ಲಿಯೂ ಇದ್ದಾರೆ. ಮುಂದೆ ನುಗ್ಗಿ ಎಲ್ಲವನ್ನೂ ತಾನೇ ಮಾಡುವ ಹುಡುಗ. ತನ್ನಿಂದಾಗದೆಂದು ಗೋಡೆಗೆ ಒತ್ತಿ ನಿಲ್ಲುವ ಹುಡುಗಿ. ಅರ್ಥವನ್ನರಿಯದೆ ಪಾಠವನ್ನು ಗಟ್ಟಿಮಾಡಿ ಒಪ್ಪಿಸುವ ಜಾಣ. ಒಂದು ದಿನದ ಕಮ್ಮಟದಲ್ಲಿ ಮೊದಲನೆಯವನಿಗೆ ಜಾಗ ತಾನಾಗಿಯೇ ಸಿಗುತ್ತದೆ. ಸಂಜೆ ಚಪ್ಪಾಳೆಯನ್ನು ತರುವವನೂ ಅವನೇ. ಆದರೆ ಆ ದಿನದ ನಿಜವಾದ ಪರೀಕ್ಷೆ ಉಳಿದಿಬ್ಬರಲ್ಲಿದೆ. ಬರಿಯ ಗರ್ಜನೆಯ ಪಾತ್ರವನ್ನಾದರೂ ಮನಸಾರೆ ಮಾಡಿದ ಮಗು, ಎದುರಿನವನ ಮಾತನ್ನು ಕೇಳಿ ಆಮೇಲೆ ಉತ್ತರಿಸುವುದನ್ನು ಕಲಿತ ಮಗು ಎಷ್ಟು ಎಂದು ಎಣಿಸಿದರೆ ಆ ಕಮ್ಮಟದ ಬೆಲೆ ತಿಳಿಯುತ್ತದೆ. ಬಡಗಿ ಕ್ವಿನ್ಸನು ದೊಡ್ಡ ಕಲಾವಿದನೇನೂ ಅಲ್ಲ. ಆದರೂ ಬಾಟಮ್‌ನನ್ನು ಗದರಿಸದೆ, ಈ ನಾಯಕನು ಬಹು ಚೆಲುವಾದ ಗೃಹಸ್ಥನಾದುದರಿಂದ ನೀನೇ ಆಗಬೇಕೆಂದು ಹೇಳಿ ಒಂದು ಪಾತ್ರಕ್ಕೆ ಒಪ್ಪಿಸುತ್ತಾನೆ. ಅಷ್ಟು ಜಾಣತನ ಗುರುವಿಗೆ ಇರತಕ್ಕದ್ದು.

ಪ್ರೇಕ್ಷಕರ ಧರ್ಮವನ್ನೂ ಅದೇ ನಾಟಕ ತೋರಿಸುತ್ತದೆ. ಈ ಆಟ ನೋಡಲು ಯೋಗ್ಯವಲ್ಲವೆಂದು ಅಧಿಕಾರಿ ಹೇಳಿದರೂ ಥೀಸಿಯಸನು ಸರಳಮನಸ್ಕರ ಶ್ರದ್ಧೆಯನ್ನು ಮನ್ನಿಸಿ ನೋಡಲೊಪ್ಪುತ್ತಾನೆ. ಒಪ್ಪಿದವನೂ ಅವನ ಆಸ್ಥಾನಿಕರೂ ಆಟ ಮೊದಲಾದ ಮೇಲೆ ಪರಿಹಾಸಕ್ಕೆ ತೊಡಗುತ್ತಾರೆ. ಚಂದ್ರನ ವೇಷದಲ್ಲಿ ಬಂದ ದರ್ಜಿಯು ಎರಡು ಸಲ ಪದ್ಯವನ್ನು ಆರಂಭಿಸಿ, ಚತುರರ ಅಡ್ಡಮಾತಿನಿಂದ ತಡವರಿಸಿ, ಕಡೆಗೆ ಪದ್ಯವನ್ನು ಬಿಟ್ಟು, ಈ ಲಾಂದ್ರ ಚಂದ್ರ, ಈ ನಾಯಿ ನನ್ನ ನಾಯಿ ಎಂಬಷ್ಟನ್ನು ಬರಿಯ ಗದ್ಯದಲ್ಲಿ ಹೇಳಿ ಮುಗಿಸುತ್ತಾನೆ. ಈ ಸ್ಥಳದಲ್ಲಿ ನಗುತ್ತಿದ್ದ ಸಹೃದಯನಿಗೆ ಆ ಬಡಪಾಯಿಯ ಮೇಲೆ ಕನಿಕರ ಹುಟ್ಟದೆ ಇರದು. ಸಭಾಂಗಣದ ಹಿಂದಿನ ಸಾಲುಗಳಲ್ಲಿ ಕುಳಿತ ಕಾಲೇಜಿನ ತರುಣರು ಕೂಗುವ ಒಂದು ಮಾತು, ಮೊದಲ ಸಲ ರಂಗವನ್ನೇರಿದ ಒಂಬತ್ತನೆಯ ತರಗತಿಯ ಹುಡುಗಿಯ ಕಂಠವನ್ನು ಬಹುಕಾಲ ಮುಚ್ಚಿಬಿಡಬಹುದು. ಅತಿಥೇಯರಾದ ಕಾಲೇಜಿನವರು ಆಟದ ಮಕ್ಕಳಿಗೆ ಶಿಕ್ಷಣವನ್ನು ಕೊಡುವುದಕ್ಕೆ ಮೊದಲು ನೋಡುವ ತಮ್ಮವರಿಗೆ ಕೊಡುವುದು ಯುಕ್ತ.

ಇನ್ನು ಕಲಿಸುವ ವಿಧಾನದ ವಿಚಾರ. ಆಟದ ಮೂಲಕ ಪಾಠವೆಂಬ ತತ್ತ್ವ ಹೊಸದಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಪರ್ಸ್ ಶಾಲೆಯ ಉಪಾಧ್ಯಾಯ ಹೆನ್ರಿ ಕಾಲ್ಡ್‌ವೆಲ್ ಕುಕ್ ಅವರು ಶೇಕ್ಸ್‌ಪಿಯರನನ್ನು ಹುಡುಗರಿಂದ ಓದಿಸುವುದಕ್ಕಿಂತ ಆಡಿಸುವುದೇ ಮೇಲೆಂದು ನಂಬಿ, ತಮ್ಮ ಅನುಭವವನ್ನು ‘ದಿ ಪ್ಲೇ ವೇ’ ಎಂಬ ಗ್ರಂಥದಲ್ಲಿ ೧೯೧೭ರಲ್ಲಿ ಪ್ರಕಟಿಸಿದರು. ಪೀಟರ್ ಸ್ಲೇಡ್ ಅವರು ೧೯೫೪ರ ‘ಚೈಲ್ಡ್ ಡ್ರಾಮಾ’ದಲ್ಲಿ ಮಗುವಿನ ಸಹಜವಾದ ಆಟವೇ ಒಂದು ಸ್ವತಂತ್ರವಾದ ಕಲೆ, ಅದನ್ನು ದೊಡ್ಡವರ ರಂಗಭೂಮಿಯ ಅಳತೆಯಿಂದ ಅಳೆಯಲಾಗದೆಂದು ವಾದಿಸಿದರು. ಅಮೆರಿಕದ ವಯೋಲಾ ಸ್ಪೋಲಿನ್ ಅವರು ಶಿಕಾಗೋ ನಗರದಲ್ಲಿ ವಲಸೆ ಬಂದ ಕುಟುಂಬಗಳ ಮಕ್ಕಳೊಡನೆ ಕೆಲಸಮಾಡುತ್ತ ರೂಪಿಸಿದ ರಂಗಾಟಗಳನ್ನು ೧೯೬೩ರಲ್ಲಿ ಗ್ರಂಥರೂಪಕ್ಕೆ ತಂದರು. ೧೯೬೫ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಬೆಲ್‌ಗ್ರೇಡ್ ರಂಗಮಂದಿರದವರು ನಟರನ್ನು ಶಾಲೆಗಳಿಗೇ ಕಳುಹಿಸಿ, ನಾಟಕವನ್ನು ಪಾಠದ ಒಂದು ಅಂಗವಾಗಿ ಮಾಡುವ ಪ್ರಯೋಗವನ್ನು ಆರಂಭಿಸಿದರು. ಇಂದಿನ ಕಮ್ಮಟಗಳಲ್ಲಿ ಕಾಣುವ ಆಟಗಳಲ್ಲಿ ಬಹುಭಾಗ ಈ ಪರಂಪರೆಯದು.

ಉದಾಹರಣೆಗೆ ಕನ್ನಡಿಯಾಟ. ಇಬ್ಬರು ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬನು ನಿಧಾನವಾಗಿ ಚಲಿಸುತ್ತಾನೆ, ಇನ್ನೊಬ್ಬನು ಅವನ ಪ್ರತಿಬಿಂಬದಂತೆ ಅದೇ ಕ್ಷಣದಲ್ಲಿ ಚಲಿಸಬೇಕು. ಅಭಿನಯಿಸೆಂದು ಯಾರೂ ಹೇಳುವುದಿಲ್ಲ. ನೋಡೆಂದು ಮಾತ್ರ ಹೇಳುತ್ತಾರೆ. ಎದುರಿನವನನ್ನು ನೋಡುವುದರಲ್ಲಿ ಮಗ್ನವಾದ ಮಗು ತನ್ನನ್ನು ಇತರರು ನೋಡುತ್ತಿದ್ದಾರೆಂಬ ಸಂಕೋಚವನ್ನು ಮರೆಯುತ್ತದೆ. ಸ್ಪೋಲಿನ್ ಅವರ ವಿಧಾನದ ಗುಟ್ಟು ಇಷ್ಟೇ: ಮನಸ್ಸಿಗೆ ಬಿಡಿಸಬೇಕಾದ ಒಂದು ಸಮಸ್ಯೆಯನ್ನು ಕೊಟ್ಟರೆ ಮೈ ತಾನಾಗಿ ಸಡಿಲಗೊಳ್ಳುತ್ತದೆ.

ಆದರೆ ಈ ಆಟಗಳಲ್ಲಿ ಒಂದು ಕೊರತೆಯೂ ಇದೆ. ಆಟದಿಂದ ಆಟಕ್ಕೆ ಹಾರುತ್ತ ದಿನವನ್ನು ಕಳೆದರೆ ಮಕ್ಕಳು ನಲಿಯುತ್ತಾರೆ, ದಣಿಯುತ್ತಾರೆ, ಮನೆಗೆ ಹೋಗುತ್ತಾರೆ. ಅವರ ಕೈಯಲ್ಲಿ ಉಳಿಯುವ ಸಾಹಿತ್ಯವೇನೂ ಇರುವುದಿಲ್ಲ. ಇದಕ್ಕೆ ಪ್ರತಿಯಾಗಿ ದೊಡ್ಡ ನಾಟಕವೊಂದನ್ನು ಹತ್ತು ನಿಮಿಷಕ್ಕೆ ಕತ್ತರಿಸಿ, ಮಾತುಗಳನ್ನು ಬಾಯಿಪಾಠ ಮಾಡಿಸಿದರೆ ಫ್ಲೂಟನ ಒಪ್ಪಿಸುವಿಕೆಯೇ ಗತಿ. ಆಟದಲ್ಲಿ ಸ್ವಾತಂತ್ರ್ಯವಿದೆ, ಪಠ್ಯವಿಲ್ಲ. ಬಾಯಿಪಾಠದಲ್ಲಿ ಪಠ್ಯವಿದೆ, ಸ್ವಾತಂತ್ರ್ಯವಿಲ್ಲ. ಎರಡನ್ನೂ ಕೂಡಿಸುವ ದಾರಿ ಇದೆಯೆ?

ಆ ದಾರಿ ಕನ್ನಡನಾಡಿನ ಕರಾವಳಿಯಲ್ಲಿ ಬಹುಕಾಲದಿಂದ ಇದೆ. ಅದು ತಾಳಮದ್ದಲೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ. ಎದುರುಬದುರು ಕುಳಿತ ಅರ್ಥಧಾರಿಗಳು ಆ ಪದ್ಯದ ಭಾವವನ್ನು ತಮ್ಮ ಮಾತಿನಲ್ಲಿ ಬೆಳೆಸುತ್ತಾರೆ. ಪದ್ಯವು ಗೊತ್ತಾದುದು, ಅರ್ಥವು ಆ ರಾತ್ರಿ ಹುಟ್ಟುವಂಥದು. ಎದುರಾಳಿ ಏನನ್ನು ಕೇಳುವನೋ ಮೊದಲೇ ತಿಳಿಯದಾದ್ದರಿಂದ ಕಿವಿಗೊಡದೆ ವಿಧಿಯಿಲ್ಲ. ಕಥೆಯ ಗೆರೆಯನ್ನು ಮೀರಲಾಗದಾದ್ದರಿಂದ ಪಠ್ಯವನ್ನು ಓದದೆಯೂ ವಿಧಿಯಿಲ್ಲ. ಪರದೇಶದ ರಂಗಾಟಗಳನ್ನು ಆದರದಿಂದ ಬರಮಾಡಿಕೊಂಡವರು ಮನೆಯ ಹಿತ್ತಿಲಲ್ಲಿಯೇ ಬೆಳೆದ ಈ ವಿದ್ಯೆಯನ್ನು ಶಾಲೆಯ ಮಕ್ಕಳಿಗಾಗಿ ಇನ್ನೂ ಹೆಚ್ಚಾಗಿ ಬಳಸಿಕೊಳ್ಳಬಹುದಾಗಿದೆ.

ಕುಮಾರವ್ಯಾಸನ ವಿರಾಟಪರ್ವದ ಉತ್ತರಕುಮಾರನ ಕಥೆಯನ್ನು ತೆಗೆದುಕೊಳ್ಳಬಹುದು. ಅಂತಃಪುರದ ಹೆಂಗಳೆಯರ ನಡುವೆ ಪೌರುಷವನ್ನು ಕೊಚ್ಚಿಕೊಂಡು, ಬೃಹನ್ನಳೆಯನ್ನು ಸಾರಥಿಯಾಗಿ ಮಾಡಿಕೊಂಡು ಹೊರಟ ರಾಜಕುಮಾರನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಸಾರಥಿಯು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾನೆ. ಬಡಾಯಿಯನ್ನೂ ಭಯವನ್ನೂ ಹದಿನಾಲ್ಕರ ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ನಾಲ್ಕಾರು ಪದ್ಯಗಳನ್ನು ಎಲ್ಲರೂ ಕೂಡಿ ಓದಿ, ಅರ್ಥವನ್ನು ಬಿಡಿಸಿಕೊಂಡು, ಮಧ್ಯಾಹ್ನ ಪುಸ್ತಕವನ್ನು ಮುಚ್ಚಿಟ್ಟು, ಇಬ್ಬಿಬ್ಬರನ್ನು ಉತ್ತರನನ್ನಾಗಿಯೂ ಬೃಹನ್ನಳೆಯನ್ನಾಗಿಯೂ ನಿಲ್ಲಿಸಿ ಮಾತನಾಡಿಸಿದರೆ, ಒಂದು ಗುಂಪಿನ ಉತ್ತರನು ಕುಂದಾಪುರದ ಮಾತಿನಲ್ಲಿ ಹೆದರಿಯಾನು, ಇನ್ನೊಂದರವನು ಕಲಬುರಗಿಯ ಮಾತಿನಲ್ಲಿ. ಕುಮಾರವ್ಯಾಸನಿಗೆ ಇದರಿಂದ ಕುಂದಿಲ್ಲ, ಮಕ್ಕಳಿಗೆ ಲಾಭವಿದೆ.

ಮಾತಿನ ಈ ವಿಚಾರವನ್ನು ಲಘುವಾಗಿ ಎಣಿಸಲಾಗದು. ರಂಗವನ್ನೇರಿದೊಡನೆ ಮಕ್ಕಳು ತಮ್ಮ ಮನೆಯ ನುಡಿಯನ್ನು ಕೆಳಗಿಟ್ಟು, ಎಲ್ಲಿಯೋ ಕೇಳಿದ ಏರುದನಿಯ ‘ನಾಟಕದ ಕನ್ನಡ’ವನ್ನು ತೊಡುತ್ತಾರೆ. ಆಂಗ್ಲ ಮಾಧ್ಯಮದಲ್ಲಿ ಓದುವ ಮಕ್ಕಳಿಗಂತೂ ಕನ್ನಡದ ವಾಕ್ಯವೇ ಎರವಲಿನ ಉಡುಪಾಗಿಬಿಟ್ಟಿದೆ. ಕೈಲಾಸಂ ಅವರು ಮನೆಮಂದಿಯ ಆಡುಮಾತನ್ನು, ಅದರ ಇಂಗ್ಲಿಷ್ ಬೆರಕೆಯೊಡನೆಯೇ, ರಂಗಕ್ಕೆ ತಂದುದು ಆ ಕಾಲದಲ್ಲಿ ಒಂದು ದೊಡ್ಡ ಸಾಹಸ. ಅವರ ‘ಟೊಳ್ಳುಗಟ್ಟಿ’ಯಲ್ಲಿ ಪುಸ್ತಕದ ಹುಳುವಾದ ಮಗನನ್ನೂ ಮನೆಯ ಕಷ್ಟಕ್ಕೆ ಒದಗುವ ಮಗನನ್ನೂ ಅಕ್ಕಪಕ್ಕದಲ್ಲಿರಿಸಿ, ಗಟ್ಟಿ ಯಾವುದು ಟೊಳ್ಳು ಯಾವುದು ಎಂದು ಕೇಳಿದ ಪ್ರಶ್ನೆ, ಅಂಕಗಳ ಹಂಬಲದಲ್ಲಿರುವ ಇಂದಿನ ಮನೆಗಳಿಗೂ ಅಪ್ರಸ್ತುತವಲ್ಲ. ಕುವೆಂಪು ಅವರು ‘ನನ್ನ ಗೋಪಾಲ’, ‘ಮೋಡಣ್ಣನ ತಮ್ಮ’ ಎಂಬ ನಾಟಕಗಳನ್ನು ಮಕ್ಕಳಿಗಾಗಿ ಬರೆದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಆಟಪಾಠಗಳನ್ನು ಒಂದುಗೂಡಿಸಿದರು. ವೈದೇಹಿಯವರು ಮಕ್ಕಳ ನಾಟಕಗಳ ಒಂದು ಮಾಲೆಯನ್ನೇ ಕೊಟ್ಟಿದ್ದಾರೆ. ಆದುದರಿಂದ ಪಠ್ಯಕ್ಕೆ ಬರವೆಂಬ ನೆವ ಕನ್ನಡದ ಕಮ್ಮಟಗಳಿಗೆ ಸಲ್ಲದು.

ಈ ಸಂದರ್ಭದಲ್ಲಿ ನೆನೆಯಲೇಬೇಕಾದ ಕೃತಿಯೊಂದುಂಟು. ರವೀಂದ್ರನಾಥ ಠಾಕೂರರು ೧೯೧೮ರಲ್ಲಿ ಬರೆದ ‘ತೋತಾಕಾಹಿನಿ’ ಎಂಬ ಪುಟ್ಟ ಕಥೆಯನ್ನು ಬಿ. ವಿ. ಕಾರಂತರು ‘ಪಂಜರಶಾಲೆ’ಯೆಂಬ ಮಕ್ಕಳ ನಾಟಕವಾಗಿ ಕನ್ನಡಕ್ಕೆ ತಂದರು. ಹಾಡುತ್ತ ಹಾರುತ್ತ ಇದ್ದ ಗಿಳಿಯೊಂದಕ್ಕೆ ವಿದ್ಯೆ ಕಲಿಸಬೇಕೆಂದು ಅರಸನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಸಿದ್ಧವಾಗುತ್ತದೆ. ಹೊತ್ತಗೆಗಳ ರಾಶಿ ಬೀಳುತ್ತದೆ. ಅಕ್ಕಸಾಲಿಗರು, ಪ್ರತಿಕಾರರು, ಮೇಲ್ವಿಚಾರಕರು ಎಲ್ಲರೂ ಕೊಬ್ಬುತ್ತಾರೆ. ಅರಸನು ವಾದ್ಯಘೋಷದೊಡನೆ ಶಾಲೆಯನ್ನು ನೋಡಲು ಬಂದಾಗ ಏರ್ಪಾಡಿನ ವೈಭವ ಕಣ್ಣಿಗೆ ಬೀಳುತ್ತದೆ, ಹಕ್ಕಿ ಬೀಳುವುದಿಲ್ಲ. ಕೊನೆಗೆ ಸತ್ತ ಹಕ್ಕಿಯನ್ನು ಒತ್ತಿನೋಡಿದರೆ ಹೊಟ್ಟೆಯೊಳಗಿನ ಕಾಗದಗಳ ಸರಸರ ಶಬ್ದವಲ್ಲದೆ ಬೇರೇನೂ ಕೇಳುವುದಿಲ್ಲ.

ಈ ಕಥೆ ಶಾಲೆಯನ್ನು ಕುರಿತದ್ದೆಂದು ಎಲ್ಲರೂ ಬಲ್ಲರು. ಆದರೆ ಶಾಲೆಯ ಪಂಜರದಿಂದ ಮಕ್ಕಳನ್ನು ಬಿಡಿಸುತ್ತೇವೆಂದು ಹೊರಟ ರಂಗಕಮ್ಮಟವೂ ತಾನೇ ಒಂದು ಪಂಜರವಾಗಬಹುದೆಂಬುದನ್ನು ಗಮನಿಸುವವರು ವಿರಳ. ವೇದಿಕೆಯ ಹಿಂದಿನ ಬಣ್ಣದ ಪರದೆ, ಅತಿಥಿಗಳ ಹಾರ, ಛಾಯಾಚಿತ್ರ, ವರದಿ, ಫಲಕ ಇವೆಲ್ಲ ಮಿತಿಯಲ್ಲಿದ್ದರೆ ದೋಷವಲ್ಲ. ಮಕ್ಕಳಿಗೆ ಸಲ್ಲಬೇಕಾದ ಹೊತ್ತನ್ನು ಇವು ನುಂಗಿದಾಗ ಹಕ್ಕಿಯನ್ನು ಮರೆತ ಅರಸನ ಪರಿವಾರವು ಸಭಾಂಗಣದಲ್ಲಿ ನೆರೆದಂತಾಗುತ್ತದೆ. ಅದೇ ‘ಪಂಜರಶಾಲೆ’ಯನ್ನು ಸ್ಪರ್ಧೆಯ ಬಹುಮಾನಕ್ಕಾಗಿ ಮಕ್ಕಳಿಂದ ಬಾಯಿಪಾಠ ಮಾಡಿಸಿ ಆಡಿಸುವುದಕ್ಕಿಂತ ದೊಡ್ಡ ವಿಡಂಬನೆ ಬೇರೆ ಇರಲಾರದು.

ಒಂದು ದಿನದಲ್ಲಿ ಏನಾದೀತೆಂಬ ಆಕ್ಷೇಪಣೆಗೆ ಬಲವಿಲ್ಲದಿಲ್ಲ. ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಂ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದಾಗ ಕಲಿಕೆಗೆ ದಿನಗಳನ್ನಲ್ಲ, ತಿಂಗಳುಗಳನ್ನು ಗೊತ್ತುಮಾಡಿತು. ೧೯೮೯ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಂಗಾಯಣವು ಬೇಸಗೆಯಲ್ಲಿ ನಡೆಸುತ್ತ ಬಂದ ಚಿಣ್ಣರ ಮೇಳಕ್ಕೂ ವಾರಗಳೇ ಬೇಕು. ಅವುಗಳ ಫಲವನ್ನು ಒಂದು ಹಗಲಿನಿಂದ ಬಯಸುವುದು ತಪ್ಪು. ಒಂದು ಹಗಲಿನಲ್ಲಿ ನಟನು ಸಿದ್ಧನಾಗನು. ಆದರೆ ತನ್ನ ಧ್ವನಿ ಒಂದು ಕೋಣೆಯ ಕೊನೆಯ ತನಕ ಮುಟ್ಟಬಲ್ಲುದೆಂಬುದನ್ನು ಒಬ್ಬ ಹುಡುಗಿ ಅರಿಯಬಹುದು. ಎದುರಿನವನ ಮಾತನ್ನು ಪೂರ್ತಿ ಕೇಳಿದ ಮೇಲೆಯೇ ತನ್ನ ಮಾತಿಗೆ ಬೆಲೆಯೆಂಬುದನ್ನು ಒಬ್ಬ ಹುಡುಗ ಅರಿಯಬಹುದು. ಪಠ್ಯಪುಸ್ತಕದ ಪದ್ಯದೊಳಗೆ ಒಬ್ಬ ಮನುಷ್ಯ ಹೆದರಿ ನಿಂತಿದ್ದಾನೆಂಬುದು ಇಡೀ ಗುಂಪಿಗೆ ಹೊಳೆಯಬಹುದು. ಇಷ್ಟಾದರೆ ದಿನವು ವ್ಯರ್ಥವಾಗಲಿಲ್ಲ.

ಇಷ್ಟು ಆಗಬೇಕಾದರೂ ಕಾಲೇಜೊಂದೇ ಸಾಲದು. ಮಕ್ಕಳೊಡನೆ ಬಂದ ಶಾಲೆಯ ಉಪಾಧ್ಯಾಯರನ್ನು ಅತಿಥಿಗಳ ಸಾಲಿನಲ್ಲಿ ಕೂರಿಸದೆ ಆಟದೊಳಗೆ ಸೇರಿಸಿಕೊಂಡರೆ, ಮರುವಾರದ ತರಗತಿಯಲ್ಲಿ ಅದು ಮುಂದುವರಿಯುವ ಸಂಭವವಿದೆ. ಮನೆಗಳ ಪಾತ್ರವೂ ಚಿಕ್ಕದಲ್ಲ. ಎಂಟನೆಯ ತರಗತಿಯವರೆಗೆ ನಾಟಕಕ್ಕೆ ಕಳುಹಿಸಿದ ತಂದೆತಾಯಿಗಳು ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾದಂತೆ ಬೇಡವೆನ್ನುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಆ ಬೇಡವು ಇನ್ನೂ ಮೊದಲೇ ಬರುತ್ತದೆ. ಪರೀಕ್ಷೆಯ ಚಿಂತೆ ಸುಳ್ಳಲ್ಲ. ಆದರೆ ನಾಲ್ಕು ಜನರೆದುರು ನಿಂತು ತನ್ನ ಮನಸ್ಸಿನಲ್ಲಿರುವುದನ್ನು ಸ್ವಚ್ಛವಾದ ಕನ್ನಡದಲ್ಲಿ ಹೇಳಲಾರದ ಮಗು ಎಷ್ಟು ಅಂಕಗಳನ್ನು ತಂದರೂ ವಿದ್ಯೆಯಲ್ಲಿ ಒಂದು ಪಾಲು ಬಾಕಿ ಉಳಿದಂತೆಯೇ.

ಕಮ್ಮಟದ ಗುಣದೋಷಗಳನ್ನು ಆ ಸಂಜೆಯ ಚಪ್ಪಾಳೆಯಿಂದ ನಿರ್ಣಯಿಸುವುದು ಸಾಧುವಲ್ಲ. ಒಂದೆರಡು ವಾರ ಕಳೆದ ಮೇಲೆ, ಊಟದ ಹೊತ್ತಿನಲ್ಲಿ ಮಗು ತಾನಾಗಿ ಉತ್ತರಕುಮಾರನ ಮಾತನ್ನೆತ್ತಿ, ಅಜ್ಜಿಯನ್ನೋ ತಮ್ಮನನ್ನೋ ಬೃಹನ್ನಳೆಯಾಗೆಂದು ಕರೆದರೆ, ಕಾಲೇಜಿನವರ ಶ್ರಮ ಸಾರ್ಥಕವಾಯಿತೆಂದು ಆ ಮನೆಯವರು ತಿಳಿಯಬಹುದು.